ಕೈ ಬದಲಾದ ದಡಿ

ಆಗೆಲ್ಲ ಇಳಕಲ್ಲಿನ ನಮ್ಮ ಓಣಿಯಲ್ಲಿ ಗಡಿಯಾರ ನೋಡಿ ಏಳುವವರು ಯಾರೂ ಇರಲಿಲ್ಲ. ಮಗ್ಗದ ಸಪ್ಪಳವೇ ಎಬ್ಬಿಸುತ್ತಿತ್ತು. ಮನೆಯೊಳಗೆ ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆ, ಅದರ ಮೇಲೆ ಅವ್ವ ಒಗ್ಗರಣೆ ಕೊಟ್ಟ ಪುಂಡಿಪಲ್ಯದ ವಾಸನೆ. ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರಲ್ಲಿ ಬಹಳ ಮಂದಿ ಇದನ್ನೆಲ್ಲ ಸಿಹಿಯಾಗಿ ನೆನೆಯುತ್ತಾರೆ. ನನಗೆ ಹಾಗೆ ನೆನೆಯಲು ಬರುವುದಿಲ್ಲ.

ನಾನಾಗ ಏಳನೇ ಇಯತ್ತೆ. ಇಂಗ್ಲಿಷ್ ಕಲಿಸುವ ಟೀಚರಿಗೆ ನಾವು ಅಕ್ಕೋರು ಅನ್ನುತ್ತಿದ್ದೆವು. ಒಂದು ದಿನ ಅವರು ಹಲಗೆಯ ಮೇಲೆ ‘ಥ್ರೋ’ ಎಂಬ ಶಬ್ದ ಬರೆದು ಅರ್ಥ ಕೇಳಿದರು.

“ಒಗಿಯೂದ್ರೀ!” ಇಡೀ ಕ್ಲಾಸು ಕೂಗಿತು.

“ಏನೇನ್ ಒಗೀತೀರಿ?”

ಕಲ್ಲು, ಚೆಂಡು, ಕಸ ಎಂದು ಒಬ್ಬೊಬ್ಬರು ಹೇಳಿದರು. ನಾನು, “ಮಗ್ಗದಾಗ ಲಾಳಿ ಒಗೀತೇನ್ರಿ” ಅಂದೆ. ಅಕ್ಕೋರು ನಕ್ಕರು. ಇಂಗ್ಲಿಷರು ಬೆಳಕು ಚೆಲ್ಲುವುದಕ್ಕೂ ಇದೇ ಶಬ್ದ ಬಳಸುತ್ತಾರೆ, ಮಂದಿಯನ್ನು ಕರೆದು ಊಟ ಹಾಕಿಸುವುದಕ್ಕೂ ಇದನ್ನೇ ಅನ್ನುತ್ತಾರೆ ಎಂದರು.

“ಊಟಾನೂ ಒಗೀತಾರೇನ್ರಿ? ಮತ್ತ ಮಂದಿ ಹೆಂಗ್ ಉಣ್ತಾರ?” ಎಂದಳು ನನ್ನ ಗೆಳತಿ ಶಾಂತವ್ವ. ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು.

“ಮಾತು ಒಂದ. ಏನ್ ಒಗೀತೀರಿ ಅನ್ನೂದರ ಮ್ಯಾಲ ಅದರ ಅರ್ಥ” ಎಂದು ಅಕ್ಕೋರು ಪಾಠ ಮುಗಿಸಿದರು.

ಸಂಜೆ ನಮಗೆ ಥ್ರೋಬಾಲ್ ಆಡಿಸುತ್ತಿದ್ದವರೂ ಅವರೇ. ಎರಡೂ ಕೈಯಲ್ಲಿ ಚೆಂಡು ಹಿಡಿದು, ನಿಂತ ನಿಲುವಿನಲ್ಲೇ ಒಂದೇ ಕೈಯಿಂದ ಬಲೆಯಾಚೆ ಎಸೆಯುವ ಆಟ. ನನ್ನ ಕೈ ಪಳಗಿದ್ದು ಮಗ್ಗದ ಬದಿಯಲ್ಲಿ. ನಮ್ಮ ಸೀರೆಗೆ ಮೂರು ಲಾಳಿ, ಒಡಲಿಗೊಂದು, ಎರಡು ಅಂಚಿನ ದಡಿಗೆ ಎರಡು. ಅಪ್ಪ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಾಗ ಒಂದು ಬದಿಯ ದಡಿಯ ಲಾಳಿ ಎಸೆಯುವುದು ನನ್ನ ಪಾಲಿಗಿತ್ತು. ಆ ಕೈಯಿಂದ ಹೋದ ಚೆಂಡು ನಾನಂದುಕೊಂಡಲ್ಲೇ ಬೀಳುತ್ತಿತ್ತು. ಹುನಗುಂದದಲ್ಲಿ ತಾಲೂಕಿನ ಆಟ ಗೆದ್ದೆವು. ಮುಂದಿನದು ಬಾಗಲಕೋಟೆಯಲ್ಲಿ. ನಾನು ಹುನಗುಂದ ದಾಟಿ ಹೋದವಳೇ ಅಲ್ಲ.

“ಅಪ್ಪಾ, ನಾ ಬಾಗಲಕೋಟಿಗೆ ಹೋಗ್ತೇನಿ. ಎರಡ ದಿನಾ ಅಷ್ಟ.”

ಅಪ್ಪ ಲಾಳಿ ನಿಲ್ಲಿಸಲಿಲ್ಲ. “ಸೀರಿ ಅರ್ಧಾ ಆಗೈತಿ. ಯಾರ ಕೈಲೆ ಚಾಲೂ ಆತೋ ಅವರ ಕೈಲೇ ಮುಗೀಬೇಕವಾ. ಕೈ ಬದ್ಲಾತಂದ್ರ ದಡಿ ಬಿಗಿ ತಪ್ಪತೈತಿ.”

ನಮ್ಮ ಮನೆಯಲ್ಲಿ ಇದು ಅಜ್ಜನ ಕಾಲದ ಕಟ್ಟಳೆ. ಅದಕ್ಕೆ ಎದುರಾಡುವುದು ನನಗೆ ಹೊಳೆಯಲೇ ಇಲ್ಲ. ಅಕ್ಕೋರು ಮನೆಗೇ ಬಂದು ಕೇಳಿದರು. “ಭಾಳ ಛಲೋ ಒಗೀತಾಳ್ರಿ ನಿಮ್ಮ ಹುಡುಗಿ. ಕಳಸ್ರಿ.”

“ಅದಕ್ಕ ಹೇಳೂದ್ರಿ ಅಕ್ಕೋರ. ಅಂಥಾ ಕೈ ನಂಗ ಮಗ್ಗಕ್ಕ ಬೇಕ್ರಿ” ಎಂದ ಅಪ್ಪ. ಅವ್ವ ಅವರಿಗೆ ಚಹಾ ಕೊಟ್ಟಳು. ಅವರು ಅರ್ಧ ಕುಡಿದು ಎದ್ದರು.

ಹೊರಡುವ ದಿನ ಹುಡುಗಿಯರು ನಮ್ಮ ಓಣಿಯಿಂದಲೇ ಬಸ್‌ಸ್ಟ್ಯಾಂಡಿಗೆ ಹೋದರು. ಶಾಂತವ್ವ ಕಿಟಕಿಯಲ್ಲಿ ಇಣುಕಿ ನನ್ನ ಹೆಸರು ಕೂಗಿದಳು. ನಾನು ತಲೆ ಎತ್ತದೆ ಲಾಳಿ ಎಸೆದೆ. ಅವರು ಮೊದಲ ಆಟದಲ್ಲೇ ಸೋತು ಬಂದರು. “ನೀ ಇದ್ದಿದ್ರ ಗೆಲ್ತಿದ್ವಿ” ಎಂದು ಶಾಂತವ್ವ ಸಮಾಧಾನಕ್ಕೆ ಅಂದದ್ದು, ನನಗೆ ಹುಣ್ಣಿನ ಮೇಲೆ ಉಪ್ಪು ಉಜ್ಜಿದ ಹಾಗಾಯಿತು. ಬೇಸಿಗೆ ಸೂಟಿಯಲ್ಲಿ ಅಕ್ಕೋರಿಗೆ ವರ್ಗವಾಯಿತು. ಆಮೇಲೆ ನಮಗೆ ಥ್ರೋಬಾಲ್ ಆಡಿಸಲು ಯಾರೂ ಬರಲಿಲ್ಲ.

ಅದೇ ಸೂಟಿಯಲ್ಲಿ ಅಪ್ಪ ಅವ್ವನಿಗೆಂದೇ ಮಗ್ಗಕ್ಕೆ ಒಂದು ಸೀರೆ ಹಚ್ಚಿದ. ನಾನು ಮುಖ ಊದಿಸಿಕೊಂಡಿದ್ದೆ. ಹಾಗಾಗಿ ಈ ಸಲ ನನ್ನ ಜಾಗದಲ್ಲಿ ಅಣ್ಣ ಈರಣ್ಣನನ್ನು ಕೂಡಿಸಿದ. ಸೀರೆ ಅರ್ಧಕ್ಕೆ ಬಂದಿತ್ತು. ಅಣ್ಣನಿಗೆ ಕಮತಗಿಯಲ್ಲಿ ಕ್ರಿಕೆಟ್ ಮ್ಯಾಚು.

“ಹೋಗಲಿ ಬಿಡು, ಗಂಡ ಹುಡುಗ. ಅವನ ಜಾಗಾದಾಗ ನೀ ಕುಂಡ್ರು” ಎಂದ ಅಪ್ಪ.

“ಕೈ ಬದ್ಲಾದ್ರ ದಡಿ ಕೆಡತೈತಿ ಅಂದಿದ್ದಿ?”

ಅಪ್ಪ ಮುಖ ನೋಡಲಿಲ್ಲ. “ನಿನ್ನ ಕೈ ಕೆಡಸಂಗಿಲ್ಲ ಬಿಡವಾ.”

ಅಪ್ಪ ಬಾಯಿಬಿಟ್ಟು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅವ್ವ ಒಲೆಯ ಮುಂದಿನಿಂದ, “ಏಳವಾ, ನೀ ಶಾಣ್ಯಾಕಿ” ಎಂದಳು. ಮೈಯೆಲ್ಲ ಉರಿಯುತ್ತಿತ್ತು, ಆದರೂ ಹೋಗಿ ಕುಳಿತೆ. ಲಾಳಿಯನ್ನು ತಪ್ಪಿಸಿ ಎಸೆದು ದಡಿ ಕೆಡಿಸಬೇಕು ಅನ್ನಿಸಿತು. ಹಾಳಾದ ಕೈ ಒಪ್ಪಲಿಲ್ಲ. ನೆಟ್ಟಗೇ ಎಸೆಯಿತು.

ಈಗ ಓಣಿಯ ತುಂಬ ಪವರ್‌ಲೂಮಿನ ಗದ್ದಲ. ನಮ್ಮ ಮಗ್ಗದ ಕುಣಿ ಮುಚ್ಚಿ ಫರಸಿ ಕಲ್ಲು ಹಾಕಿದ್ದಾರೆ, ಅದರ ಮೇಲೆ ಈರಣ್ಣನ ಬೈಕು ನಿಲ್ಲುತ್ತದೆ. ಕೈ ಬದಲಾಗಬಾರದು ಅಂದವರ ಕಣ್ಣೆದುರೇ ಎಲ್ಲರ ಕೈಯೂ ಬದಲಾಯಿತು. ಕೈಮಗ್ಗ ಹೋಯಿತೆಂದು ಈಗ ಭಾಷಣ ಮಾಡುವವರಿದ್ದಾರೆ. ಅವರ ಜೊತೆ ಅಳಲು ನನಗೆ ಆಗುವುದಿಲ್ಲ. ನನ್ನದೊಂದು ಬಸ್ಸು ಅದಕ್ಕೂ ಮೊದಲೇ ಹೋಗಿತ್ತು.

ಅವ್ವ ಹೋದ ಮೇಲೆ ಆ ಸೀರೆ ನನ್ನ ಪಾಲಿಗೆ ಬಂತು. ಒಮ್ಮೊಮ್ಮೆ ಪೆಟ್ಟಿಗೆಯಿಂದ ತೆಗೆದು, ಬಾಗಿಲ ಬೆಳಕಿಗೆ ಹಿಡಿದು, ದಡಿಯುದ್ದಕ್ಕೂ ಬೆರಳಾಡಿಸುತ್ತ ಹೋಗುತ್ತೇನೆ. ಅಣ್ಣ ಎದ್ದುಹೋಗಿ ನಾನು ಕೂತ ಜಾಗ ಎಲ್ಲೋ ಒಂದು ಕಡೆ ಇರಲೇಬೇಕು. ಒಂದೆಳೆಯಷ್ಟಾದರೂ ಬಿಗಿ ತಪ್ಪಿದ್ದರೆ, ಅಂದಿನ ಮಾತು ನಿಜವಿತ್ತೆಂದು ಅಪ್ಪನನ್ನು ಕ್ಷಮಿಸಿಬಿಡುತ್ತಿದ್ದೆ. ಸೆರಗಿನ ತುದಿಯವರೆಗೂ ಹುಡುಕಿದ್ದೇನೆ. ದಡಿ ಎಲ್ಲೂ ತಪ್ಪಿಲ್ಲ.