ಮದುವೆಮನೆಗೆ ಗುಳಿಗೆ ಒಯ್ದ ನರ್ಸಬಾಯಿ

ಕೂಸನ್ನು ಮುಟ್ಟುವ ಮೊದಲು ನಮ್ಮೂರ ನರ್ಸಬಾಯಿ ಎರಡೂ ಅಂಗೈಗಳನ್ನು ಪರಪರನೆ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಸೋಪು ಹಾಕಿ ಹಾಕಿ ಒರಟಾಗಿದ್ದ ಕೈಗಳು. ಹೊನ್ನಾವರದ ಕಡೆಯವರು, ನಮ್ಮ ಹೊಳನಗದ್ದೆಗೆ ಬಂದು ಇಪ್ಪತ್ತು ವರ್ಷ ಕಳೆದಿದ್ದರೂ ಸಿಟ್ಟು ಬಂದಾಗ ಬಾಯಿಗೆ ಬರುತ್ತಿದ್ದುದು ಕೊಂಕಣಿಯೇ. ಬಸುರಿಯರ ಮನೆಗೆ ಬಂದರೆ "ಉಂಡ್ಯೇನೆ?" ಎಂದು ಕೇಳುವರು. ಉಂಡೆ ಎಂದರೂ ನಂಬದೆ ಒಳಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡುವರು.

ನನ್ನ ಮೊದಲ ಮಗಳು ಕುಮಟೆಯ ಆಸ್ಪತ್ರೆಯಲ್ಲಿ ಹುಟ್ಟಿದಾಗ ಅವಳ ಸೊಂಟದ ಹಿಂದೆ ನಿಂಬೆಹಣ್ಣಿನಷ್ಟು ಊತವಿತ್ತು. ಮೇಲೆ ತೆಳ್ಳಗಿನ ಪೊರೆ, ಒಳಗೆ ನೀರು. ಬೆನ್ನುಹುರಿಯ ನಾಳ ಅಲ್ಲಿ ಮುಚ್ಚಿಕೊಂಡಿರಲಿಲ್ಲ. ಪೊರೆ ಒಡೆದರೆ ನಂಜಾಗುತ್ತದೆ, ಬೇಗ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು ಡಾಕ್ಟರು. ನಾನು ಏಳುವ ಸ್ಥಿತಿಯಲ್ಲಿರಲಿಲ್ಲ. ಗಂಡನ ಜತೆ ಆಂಬುಲೆನ್ಸ್ ಹತ್ತಿದವರು ನರ್ಸಬಾಯಿ. ಕೂಸನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಂಡು, ಬೆನ್ನಿನ ಮೇಲಿನ ಬಟ್ಟೆ ಒಣಗದಂತೆ ಸಲೈನ್ ಹನಿಸುತ್ತ, ಹೊನ್ನಾವರ, ಭಟ್ಕಳ ದಾಟಿ ಆಸ್ಪತ್ರೆ ಮುಟ್ಟುವವರೆಗೂ ಕಾಲು ಅಲುಗಿಸಲಿಲ್ಲವಂತೆ. ಕೊನೆಗೆ ಅವರನ್ನೇ ಹಿಡಿದು ಇಳಿಸಬೇಕಾಯಿತು ಎಂದು ಗಂಡ ಈಗಲೂ ಹೇಳುತ್ತಾರೆ.

ಆಪರೇಷನ್ ಆತು ಎಂಬ ಸುದ್ದಿಯೊಂದಿಗೆ ಮಾರನೆಯ ದಿನ ನರ್ಸಬಾಯಿ ಕುಮಟೆಯ ನನ್ನ ವಾರ್ಡಿಗೆ ಬಂದಾಗ, ನಮ್ಮತ್ತೆ ಪಕ್ಕದ ಹಾಸಿಗೆಯವರಿಗೆ ಹೇಳುತ್ತಿದ್ದರು: "ಗ್ರಹಣದ ದಿನ ಸೌತೆಕಾಯಿ ಹೆಚ್ಚಿದ್ಲು. ಬೇಡ ಅಂದ್ರೂ ಕೇಳ್ಲಿಲ್ಲ."

ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ನಾನೂ ಅದನ್ನೇ ನಂಬಿದ್ದೆ.

"ಗ್ರಹಣಕ್ಕೂ ಇದಕ್ಕೂ ಎಂತದೂ ಸಂಬಂಧ ಇಲ್ಲ," ಎಂದರು ನರ್ಸಬಾಯಿ. "ಬಸುರಾದ ಮೊದಲನೇ ತಿಂಗಳಲ್ಲೇ ಆ ನಾಳ ಮುಚ್ಚಬೇಕು. ಆಗ ಇವ್ಳಿಗೆ ತಾನು ಬಸುರಿ ಅಂತಾನೇ ಗೊತ್ತಿರ್ಲಿಲ್ಲ. ಫೋಲಿಕ್ ಆಸಿಡ್ ಗುಳಿಗೆ ಅದಕ್ಕೂ ಮೊದಲೇ ಶುರು ಆಗ್ಬೇಕಿತ್ತು. ನಾನು ಕೊಟ್ಟದ್ದು ಮೂರು ತಿಂಗಳು ಕಳೆದ ಮೇಲೆ."

"ಹಂಗಾರೆ ತಪ್ಪು ನಿಮ್ದಾ ಬಾಯೋರೇ?" ಎಂದರು ಅತ್ತೆ.

"ಮೊದಲೇ ಕೊಟ್ಟಿದ್ರೆ ಇದು ಆಗ್ತಾನೇ ಇರ್ಲಿಲ್ಲ ಅಂತ ಹೇಳೂಕಾಗೂದಿಲ್ಲ. ಆದ್ರೆ ಯಾರನ್ನಾದ್ರೂ ಬೈಲೇಬೇಕು ಅಂದ್ರೆ ನನ್ನ ಬೈರಿ. ಈ ಹುಡುಗೀನ ಬಿಡಿ."

ಅತ್ತೆ ಮತ್ತೆ ಆ ಮಾತು ಎತ್ತಲಿಲ್ಲ.

ಅಲ್ಲಿಂದ ಶುರುವಾಯಿತು ನರ್ಸಬಾಯಿಯ ಹೊಸ ಹಟ. ಊರಲ್ಲಿ ಯಾರದೇ ಮದುವೆಯಾಗಲಿ, ಊಟಕ್ಕೆ ಕೂರುವ ಮೊದಲೇ ಮದುಮಗಳನ್ನು ಬದಿಗೆ ಕರೆದು ಗುಳಿಗೆಯ ಹಾಳೆ ಕೈಗಿಡುವರು. ಹೆಂಗಸರು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. "ಇವತ್ತೇ ಎಂತಕ್ಕೆ ಬಾಯೋರೇ?" ಎಂದು ಒಬ್ಬಳು ಕೇಳಿದಾಗ, "ಗೊತ್ತಾದ ಮೇಲೆ ತಕೊಂಡ್ರೆ ತಡ ಆಗ್ತದೆ," ಎಂದಷ್ಟೇ ಹೇಳಿ ಊಟಕ್ಕೆ ಹೋದರು. ಮದುವೆಯ ಕರೆಯೋಲೆ ಬಾರದ ಮನೆಗೂ ಅವರು ಹೋದದ್ದುಂಟು.

ಎರಡನೆಯದು ಬೇಕೆನಿಸಿದಾಗ ನನಗೆ ಧೈರ್ಯವಿರಲಿಲ್ಲ. ಅವರೇ ಡಾಕ್ಟರ ಹತ್ತಿರ ಕರೆದೊಯ್ದು, ಬಸುರಾಗುವುದಕ್ಕೆ ಕೆಲವು ತಿಂಗಳು ಮೊದಲೇ ಹೆಚ್ಚಿನ ಶಕ್ತಿಯ ಗುಳಿಗೆ ಬರೆಸಿಕೊಟ್ಟರು. ಮಗ ಹುಟ್ಟಿದಾಗ ಅವನನ್ನು ಮಗುಚಿ ಹಾಕಿ, ಕತ್ತಿನಿಂದ ಕೆಳಗಿನವರೆಗೆ ಒಂದು ಬೆರಳು ಎಳೆದರು. ಮತ್ತೊಮ್ಮೆ ಎಳೆದರು. "ಆತು," ಎಂದು ಹೇಳಿ ಹೊರಗೆ ಹೋದವರು ತುಂಬ ಹೊತ್ತು ಒಳಗೆ ಬರಲಿಲ್ಲ.

ಮಗಳಿಗೆ ಪಾದಗಳಲ್ಲಿ ಸ್ಪರ್ಶವಿಲ್ಲ. ಕಾಲಿಗೆ ಆಸರೆಯಾಗಿ ಕ್ಯಾಲಿಪರ್ ಸರಳು ಕಟ್ಟಿಕೊಂಡು ನಡೆಯುತ್ತಾಳೆ. ಈಗ ಏಳನೇ ತರಗತಿ. ಹೋದ ಮಳೆಗಾಲ, ನಿವೃತ್ತರಾಗಿ ತಮ್ಮೂರಿಗೆ ಹೋಗಿದ್ದ ನರ್ಸಬಾಯಿ ಕಾಯಿಲೆಯಲ್ಲಿದ್ದಾರೆಂದು ಕೇಳಿ ಅವಳನ್ನು ಕರೆದುಕೊಂಡು ಹೋದೆ. ಮಂಚದ ಮೇಲೆ ಕಡ್ಡಿಯಂತಾಗಿದ್ದರು. ನನ್ನನ್ನು ಮಾತಾಡಿಸುವ ಮೊದಲು ಮಗಳಿಗೆ, "ಬೂಟು ತೆಗಿ," ಎಂದರು. ಎಡಪಾದ ಹಿಡಿದು ಬೆಳಕಿಗೆ ತಿರುಗಿಸಿದರು. ಹಿಮ್ಮಡಿಯಲ್ಲಿ ಒಂದು ಬೊಕ್ಕೆ. ಅವಳಿಗೆ ನೋವು ಗೊತ್ತಾಗಿರಲಿಲ್ಲ, ನಾನು ನೋಡಿರಲಿಲ್ಲ.

"ದಿನಾ ನೋಡ್ಬೇಕು ಮಾರಾಯ್ತಿ," ಎಂದರು. ಬೈಗುಳದ ದನಿಯಲ್ಲ. ಸೊಸೆಯಿಂದ ಹತ್ತಿ ತರಿಸಿ, ತಾವೇ ಒರೆಸಿ ಪಟ್ಟಿ ಕಟ್ಟಿದರು.

ಎಂಟು ದಿನಕ್ಕೆ ಅವರು ಹೋದ ಸುದ್ದಿ ಬಂತು. ಅವತ್ತು ನಾನು ಮಗಳ ಪಟ್ಟಿ ಬಿಚ್ಚಿ ನೋಡುತ್ತಿದ್ದೆ. ಬೊಕ್ಕೆ ಇನ್ನೂ ಪೂರ್ತಿ ವಾಸಿಯಾಗಿರಲಿಲ್ಲ.