ನಿಧಾನ ಸೈಕಲ್ ಸ್ಪರ್ಧೆಯಲ್ಲಿ ಜೋರು ಹೊಡೆದವರು

ಎಂಟನೇ ಕ್ಲಾಸಿಗೆ ಕಾಲಿಟ್ಟವರಿಗೆಲ್ಲ ಸರ್ಕಾರದ ಸೈಕಲ್ ಸಿಗುತ್ತಿದ್ದ ಕಾಲ ಅದು. ಮಾನ್ವಿಯ ನಮ್ಮ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತಿದ್ದ ಸೈಕಲ್ಲುಗಳ ಹೊಸ ಟೈರಿನ ವಾಸನೆ ನಿಮ್ಮಲ್ಲಿ ಕೆಲವರ ಮೂಗಿಗಾದರೂ ನೆನಪಿದ್ದೀತು. ಉಳಿದ ಹುಡುಗಿಯರು ಹ್ಯಾಂಡಲ್ಲಿಗೆ ಬಣ್ಣದ ಗೊಂಡೆ ಕಟ್ಟಿದರು. ನಾನೂ ಗೆಳತಿ ನಸೀಮಾಳೂ ಮುಂದಿನ ಬುಟ್ಟಿ, ಮಡ್‌ಗಾರ್ಡು, ಚೈನಿನ ಡಬ್ಬಿ ಎಲ್ಲ ಬಿಚ್ಚಿ ಮೂಲೆಗೆ ಎಸೆದೆವು. ಸೈಕಲ್ ಹಗುರ ಆಗಬೇಕಿತ್ತು. ತಾಲೂಕು ಕ್ರೀಡಾಕೂಟದ ಸೈಕಲ್ ರೋಡ್ ರೇಸಿಗೆ ಇಳಿಯುವುದೆಂದು ನಾವು ಅದಾಗಲೇ ನಿಶ್ಚಯಿಸಿದ್ದೆವು.

ನಾನು ಕ್ಯಾರಿಯರ್ ಒಂದನ್ನು ಮಾತ್ರ ಉಳಿಸಿಕೊಂಡೆ. ಅದು ಅವ್ವನಿಗಾಗಿ. ಶ್ರಾವಣದ ಆ ದಿನಗಳಲ್ಲಿ ಅವ್ವ ನೆಲ್ಲಿನ ಸಸಿ ಹಚ್ಚಲು ಕಾಲುವೆ ಆಚೆಯ ಹೊಲಗಳಿಗೆ ಹೋಗುತ್ತಿದ್ದಳು. ಭಾರ ಹೊತ್ತು ತುಳಿದರೆ ಕಾಲು ಗಟ್ಟಿಯಾಗುತ್ತವೆ ಎಂದು ನಾನು ಹೇಳಿದಾಗ, "ಹಂಗಾದ್ರ ನನ್ನ ಹೊತ್ಕೊ, ನನಗೂ ನಡಿಯಾದು ತಪ್ಪತದ," ಎಂದು ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತುಬಿಟ್ಟಳು. ಕಾಲುವೆ ದಂಡೆಯ ಏರಿನಲ್ಲಿ ನನ್ನ ಉಸಿರು ಕಿತ್ತು ಬರುತ್ತಿತ್ತು. ಅವ್ವ ಇಳಿಯುತ್ತಿರಲಿಲ್ಲ. "ತುಳಿ, ತುಳಿ," ಅನ್ನುತ್ತಿದ್ದಳು.

ಅವ್ವನನ್ನು ಬಿಟ್ಟು ಬರುವಷ್ಟರಲ್ಲಿ ನಸೀಮಾ ದಂಡೆಯ ಮೇಲೆ ಕಾಯುತ್ತಿದ್ದಳು. ಅವಳ ಅಬ್ಬಾಗೆ ಬಜಾರಿನಲ್ಲಿ ಬಳೆ ಅಂಗಡಿ. ಮುಂಗಾರಿನ ಗಾಳಿ ಕವಿತಾಳದ ಕಡೆಯಿಂದ ಎದೆಗೇ ಹೊಡೆಯುತ್ತಿತ್ತು. ಒಬ್ಬಳ ಬೆನ್ನಿಗೆ ಹತ್ತಿಕೊಂಡು ಇನ್ನೊಬ್ಬಳು ಹೊಡೆದರೆ ಹಿಂದಿನವಳಿಗೆ ಗಾಳಿ ತಾಗುವುದಿಲ್ಲ ಎಂಬುದು ನಮಗೆ ಅಲ್ಲೇ ತಿಳಿದದ್ದು. ಮುಂದಿನವಳು ಸೋತರೆ ಸರಿದು ಹಿಂದಾಗುತ್ತಿದ್ದಳು. ಬೆವರಿಳಿಸಿಕೊಂಡು ಊರಿಗೆ ತಿರುಗಿದಾಗ ಅಕ್ಕಿ ಗಿರಣಿಗಳಿಂದ ಬೆಂದ ನೆಲ್ಲಿನ ವಾಸನೆ ಬರುತ್ತಿತ್ತು. ಬಸ್‌ಸ್ಟ್ಯಾಂಡಿನ ಬಂಡಿಯಲ್ಲಿ ಒಂದು ಪ್ಲೇಟು ಮಂಡಾಳು ಒಗ್ಗರಣಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಎರಡು ಮಿರ್ಚಿ. ಖಾರಕ್ಕೆ ಮೂಗು ಸೋರಿಸಿಕೊಳ್ಳುತ್ತ ಶಾಲೆಗೆ ಓಡುತ್ತಿದ್ದೆವು.

ಹೆಸರು ಕೊಡಲು ಹೋದ ದಿನ ಡ್ರಿಲ್ ಮಾಸ್ತರು ತಲೆ ಎತ್ತಲೇ ಇಲ್ಲ.

"ರೋಡ್ ರೇಸು ಗಂಡು ಹುಡುಗರಿಗೆ. ಹುಡುಗೇರಿಗೆ ನಿಧಾನ ಸೈಕಲ್ ಅದ, ಅದರಾಗ ಸೇರ್ರಿ."

ಸುಣ್ಣದ ಗೆರೆಗಳ ನಡುವೆ, ಕಾಲು ನೆಲಕ್ಕೆ ತಾಗಿಸದೆ, ಆದಷ್ಟು ಮೆಲ್ಲಗೆ ಹೋಗುವ ಆಟ ಅದು. ಎಲ್ಲರಿಗಿಂತ ಹಿಂದೆ ಬಂದವಳೇ ಗೆದ್ದಂತೆ.

"ನಾವು ಜೋರು ಹೊಡಿಯಾಕ ಕಲ್ತೀವ್ರೀ ಸರ್," ಅಂದೆ.

"ಬಿದ್ದು ಕೈಕಾಲು ಮುರ್ಕೊಂಡ್ರ ನಿಮ್ಮ ಮನ್ಯಾಗ ನಾನೇನು ಹೇಳ್ಲಿ? ಹೋಗ್ರಿ, ಕ್ಲಾಸಿಗೆ ನಡೀರಿ."

ಹೊರಗೆ ಬಂದ ನಸೀಮಾ ತನ್ನ ಮನೆಯ ಮಾತಿನಲ್ಲೇ, "ಹಳ್ಳು ಚಲಾಯೆ ತೋ ಇನಾಮ್ ಕತೆ," ಎಂದಳು. ಮೆಲ್ಲಗೆ ಹೋದರೆ ಬಹುಮಾನವಂತೆ. ಅವಳು ನಗುತ್ತಿದ್ದಳು, ಆದರೆ ಕಣ್ಣು ಕೆಂಪಾಗಿದ್ದವು.

ಮರುದಿನ ಬೆಳಿಗ್ಗೆ ಅವ್ವನಿಗೆ ಹೇಳಿದೆ. ಅವಳು ಎಂದಿನಂತೆ ಕ್ಯಾರಿಯರ್ ಮೇಲೆ ಕೂತಳು. "ಅವ್ರು ಬ್ಯಾಡ ಅಂದ್ರಂತ ನನ್ನ ಹೊಲಕ್ಕ ಬಿಡಾದು ಬಿಡ್ತೀಯೇನು?"

"ಇಲ್ಲಬೇ ಯವ್ವಾ."

"ಮತ್ತ ತುಳಿ."

ಕ್ರೀಡಾಕೂಟದ ದಿನ ನಾವಿಬ್ಬರೂ ನಿಧಾನ ಸೈಕಲ್ಲಿಗೇ ಹೆಸರು ಕೊಟ್ಟೆವು. ಎದೆಗೆ ನಂಬರಿನ ಬಟ್ಟೆಯನ್ನೂ ಚುಚ್ಚಿದರು. ರೋಡ್ ರೇಸಿನ ಹುಡುಗರು ಆಗಷ್ಟೇ ಮೈದಾನದ ಗೇಟು ದಾಟಿದ್ದರು. ಕವಿತಾಳ ರಸ್ತೆಯಲ್ಲಿ ಕಾಲುವೆ ಸೇತುವೆ ಮುಟ್ಟಿ ತಿರುಗಿ ಬರಬೇಕಿತ್ತು ಅವರು. ನಾನು ನಸೀಮಾಳ ಮುಖ ನೋಡಿದೆ. ಅವಳು ಗೇಟನ್ನು ನೋಡುತ್ತಿದ್ದಳು.

ಸೀಟಿ ಊದಿದರು. ಎಡಬಲದ ಹುಡುಗಿಯರೆಲ್ಲ ಹ್ಯಾಂಡಲ್ ಅಲುಗಾಡಿಸುತ್ತ ನಿಂತಲ್ಲೇ ತೂಗಾಡುತ್ತಿದ್ದರೆ, ನಾವಿಬ್ಬರೂ ಸೀಟು ಬಿಟ್ಟೆದ್ದು ತುಳಿದೆವು. ಸುಣ್ಣದ ಗೆರೆ ಮುಗಿಯಿತು, ಮೈದಾನ ಮುಗಿಯಿತು. ಹಿಂದಿನಿಂದ ಮಾಸ್ತರು ಕೂಗುತ್ತಿದ್ದರು. ಗೇಟಿನಿಂದ ರಸ್ತೆಗೆ ಬಿದ್ದಾಗ ಎದುರಿಗೆ ಬಂದದ್ದು ನಮಗೆ ಪರಿಚಯದ್ದೇ ಆದ ಗಾಳಿ.

ಅದರಲ್ಲಿ ಹುಡುಗರು ಒಬ್ಬೊಬ್ಬರೇ ಹೆಣಗುತ್ತಿದ್ದರು. ನಾವು ಸರದಿಯಂತೆ ಮುಂದಾಗುತ್ತ, ಹಿಂದಾಗುತ್ತ ಒಬ್ಬೊಬ್ಬರನ್ನೇ ದಾಟಿದೆವು. ನಮ್ಮ ಕ್ಲಾಸಿನ ವೀರೇಶ ಪಕ್ಕಕ್ಕೆ ತಿರುಗಿ, "ಲೇ, ನೀವ್ಯಾಕ ಬಂದ್ರಿ?" ಎಂದ. ನಾನು ಸರಿದು ನಸೀಮಾಳ ಮುಂದಾದೆ. ಸೇತುವೆ ಮುಟ್ಟಿ ತಿರುಗಿದಾಗ ಗಾಳಿ ಬೆನ್ನಿಗಾಯಿತು. ಊರಿನ ತನಕ ನಾನು ಬ್ರೇಕು ಮುಟ್ಟಲಿಲ್ಲ.

ನಮಗಿಂತ ಮೊದಲು ಮೈದಾನ ಸೇರಿದ್ದು ಇಬ್ಬರೇ ಹುಡುಗರು, ಅದೂ ಹುಡುಗರೆಲ್ಲ ನಮಗಿಂತ ಮೊದಲೇ ಹೊರಟಿದ್ದರು. ಮಾಸ್ತರು ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಲ್ಲಿಸಿದರು.

"ನಿಮ್ಮನ್ನ ಹೊರಗ ಬಿಟ್ಟವ್ರು ಯಾರು?"

"ಯಾರೂ ಬಿಟ್ಟಿಲ್ರೀ ಸರ್," ಎಂದಳು ನಸೀಮಾ, "ನಾವೇ ಹೋದ್ವಿ."

ನಂಬರು ಕಿತ್ತುಕೊಂಡರು. ಆ ವರ್ಷ ಪೂರ್ತಿ ಆಟದಿಂದ ಹೊರಗೆ. ನಿಧಾನ ಸೈಕಲ್ಲಿಗೆ ಬಹುಮಾನವಾಗಿಟ್ಟಿದ್ದ ಸ್ಟೀಲ್ ಡಬ್ಬಿ ಬೇರೆ ಶಾಲೆಯ ಹುಡುಗಿಗೆ ಹೋಯಿತು. ಮರುವರ್ಷ ಮಾತ್ರ ಕ್ರೀಡಾಕೂಟದಲ್ಲಿ ಹುಡುಗಿಯರಿಗೂ ರೋಡ್ ರೇಸು ಇತ್ತು. ಅಷ್ಟರಲ್ಲಿ ನಸೀಮಾಳ ಅಬ್ಬಾ ಅಂಗಡಿಯನ್ನು ರಾಯಚೂರಿಗೆ ಸಾಗಿಸಿದ್ದರು. ಅವಳಿಲ್ಲದೆ ನಾನೊಬ್ಬಳೇ ತುಳಿದು ಮೊದಲು ಬಂದೆ. ಕೈಯಲ್ಲಿ ಕಪ್ ಹಿಡಿದು ನಿಂತಾಗ ಪಕ್ಕದ ಜಾಗ ಖಾಲಿ ಅನ್ನಿಸಿತು.

ಈಗ ನಾನು ದೇವದುರ್ಗದಲ್ಲಿ ಟೀಚರು. ಗೇರಿನ ಸೈಕಲ್ ಇದೆ, ಎದೆಬಡಿತ ಹೇಳುವ ವಾಚಿದೆ. ರಜೆಯ ಬೆಳಿಗ್ಗೆ ರಾಯಚೂರು ರಸ್ತೆಯಲ್ಲಿ ತಯಾರಿ ಮಾಡುತ್ತೇನೆ. ಹವ್ಯಾಸಿಗಳ ರೇಸಿಗೆ ಕರೆದು ನಂಬರು ಕೊಡುತ್ತಾರೆ, ಬಾಳೆಹಣ್ಣು ಕೊಡುತ್ತಾರೆ. ಅಂದು ಗೇಟು ದಾಟಿದ ಆ ಹುಡುಗಿಗಿಂತ ಈಗಿನ ನಾನು ಎಷ್ಟೋ ಜೋರು ಹೋಗಬಲ್ಲೆ. ನಸೀಮಾ ಸೈಕಲ್ ಬಿಟ್ಟು ಎಷ್ಟೋ ವರ್ಷವಾಯಿತು. ಫೋನಿನಲ್ಲಿ ಮಕ್ಕಳ ಸ್ಕೂಲಿನ ಮಾತೇ ಹೆಚ್ಚು.

ನನ್ನದೂ ಏನೋ ಹೋಗಿದೆ. ಈಗ ರೇಸಿಗೆ ಹೆಸರು ಕೊಡುವ ಮೊದಲು ನಿಯಮಗಳನ್ನೆಲ್ಲ ಕೂತು ಓದುತ್ತೇನೆ. ಆವತ್ತೂ ಹೀಗೆ ನಿಯಮ ನೋಡುತ್ತ ಕೂತಿದ್ದರೆ ನಾವು ಗೇಟಿನ ಒಳಗೇ ಉಳಿಯುತ್ತಿದ್ದೆವು.