ಕಂಪ್ಲಿಯಲ್ಲಿ ನಾನು ಅಂದ ‘ಹೂಂ’

ಹುಲಿಗೆಮ್ಮನವರೇ, ಅವತ್ತು ಕಂಪ್ಲಿಯ ನೋಂದಣಿ ಕಚೇರಿಯಲ್ಲಿ ನಿಮಗೆ ಸುಳ್ಳು ಹೇಳಿದ ವಕೀಲ ನಾನೇ. ಉದ್ದದ ಸುಳ್ಳೇನೂ ಅಲ್ಲ, ಒಂದೇ ಮಾತು — ‘ಹೂಂ’. ಅದರಿಂದ ನಿಮ್ಮ ಪಿಂಚಣಿ ನಿಂತಿತು, ರೇಷನ್ ಕಾರ್ಡು ರದ್ದಾಯಿತು. ನಿಮ್ಮ ಮಗಳು ರೇಣುಕಾ ಓದಿ ಹೇಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಡುವೆ ಅವಳು ಸಿಟ್ಟಿಗೆದ್ದು ನಿಲ್ಲಿಸಿದರೂ ಪೂರ್ತಿ ಓದಿಸಿರಿ.

ನಾನು ಹೊಸಪೇಟೆಯಲ್ಲಿ ವಕೀಲಿಕೆ ಮಾಡುತ್ತೇನೆ. ಆ ವರ್ಷ ಒಂದು ತರಬೇತಿಗೆ ಹೋಗಿ ಬಂದಿದ್ದೆ. ಕಪ್ಪುಹಣ ಬಿಳಿ ಮಾಡಿಕೊಳ್ಳುವವರಿಗೆ ವಕೀಲರ ಸಹಿ ಬೇಕಾಗುತ್ತದೆ, ಆದ್ದರಿಂದ ಕಕ್ಷಿದಾರ ಯಾರು, ಹಣ ಯಾರದು, ಆಸ್ತಿ ನಿಜವಾಗಿ ಯಾರ ಕೈ ಸೇರುತ್ತದೆ ಎಂದು ವಿಚಾರಿಸದೆ ಕಾಗದಪತ್ರ ಮಾಡಬೇಡಿ ಎಂದು ಅಲ್ಲಿ ಹೇಳಿದ್ದರು. ನನಗೆ ಅದು ತುಂಬ ಹಿಡಿಸಿತು. ಬಂದವನೇ ಶಿಸ್ತು ಶುರು ಮಾಡಿದೆ. ಸೈಟು ಕೊಳ್ಳಲು ಬಂದಿದ್ದ ಕುರೆಕುಪ್ಪದ ಕಾರ್ಖಾನೆ ಕೆಲಸಗಾರನೊಬ್ಬನನ್ನು, ಆಧಾರ್ ಕಾರ್ಡಿನಲ್ಲಿ ತಂದೆಯ ಹೆಸರು ಬೇರೆ ಥರ ಇದೆ ಎಂದು ಮತ್ತೆ ಮತ್ತೆ ಅಲೆದಾಡಿಸಿದೆ. ಪಾಪ, ಅವನು ರಜೆ ಹಾಕಿ ಬರುತ್ತಿದ್ದ. ನಾನು ಭಾರಿ ಕಟ್ಟುನಿಟ್ಟಿನ ವಕೀಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಮೇಲೆ ವೀರೇಶಪ್ಪನವರು ಬಂದರು. ನೀವು ಅಡುಗೆ ಮಾಡುತ್ತಿದ್ದ ಮನೆಯ ಯಜಮಾನರು, ಸಂಡೂರಿನಲ್ಲಿ ಅದಿರು ಲಾರಿಗಳಿದ್ದವರು, ನನ್ನ ತಂದೆಯ ಗೆಳೆಯರು. ನಾನು ಕರಿಕೋಟು ಹಾಕಿದಾಗ ಮೊದಲ ಕೇಸು ಕೊಟ್ಟವರೂ ಅವರೇ. ಕಂಪ್ಲಿ ಹತ್ತಿರದ ಕಾಲುವೆ ನೀರಿನ ಗದ್ದೆಯೊಂದನ್ನು ನಿಮ್ಮ ಹೆಸರಿಗೆ ಕೊಳ್ಳಬೇಕು ಎಂದರು. ತರಬೇತಿಯಲ್ಲಿ ಕಲಿತದ್ದನ್ನು ಕೇಳಿದೆ — ಕೇಳಿದೆ ಎನ್ನುವುದಕ್ಕಿಂತ ತೊದಲಿದೆ.

“ಗದ್ದಿ ಆಕಿ ಹೆಸರಿಗೆ... ರೊಕ್ಕ ಯಾರದಂತ ಬರ್ಕೋಬೇಕ್ರಿ.”

ಅವರು ನಕ್ಕರು. “ಏನ್ ವಕೀಲ್ರ, ನಮ್ಮನ್ನ ಗುರುತು ಕೇಳೋ ಹಂಗಾದ್ರೇನು? ಆಕಿ ನಮ್ಮನಿ ಮಂದಿನ. ನಿಮ್ಮಪ್ಪ ಇದ್ದಿದ್ರ ಚಾ ಕುಡಿಸಿ ಜಲ್ದಿ ಕೆಲಸ ಮುಗಸ್ತಿದ್ರು.”

ನಮ್ಮ ಕಡೆ ಗುರುತಿದ್ದವರ ಗುರುತು ಕೇಳುವುದೆಂದರೆ ಅವಮಾನ ಮಾಡಿದ ಹಾಗೆ. ನನಗೆ ನಾಚಿಕೆಯಾಯಿತು — ನಾಚಿಕೆಪಡಬೇಕಾದದ್ದಕ್ಕೆ ಅಲ್ಲ, ಪ್ರಶ್ನೆ ಕೇಳಿದ್ದಕ್ಕೆ. ಚಹಾ ತರಿಸಿದೆ. ನಿಮ್ಮನ್ನು ಕರೆಸಿ ಒಂದು ಮಾತು ಕೇಳಬೇಕೆಂದು ಹೊಳೆದಿತ್ತು. ಕೇಳಲಿಲ್ಲ.

ನೋಂದಣಿಯ ದಿನ ನೀವು ಹೊಸ ಸೀರೆ ಉಟ್ಟು ಬಂದಿದ್ದಿರಿ. ಈಕೆಯನ್ನು ನಾನು ಬಲ್ಲೆ ಎಂದು, ಗುರುತಿಸುವವರ ಜಾಗದಲ್ಲಿ ನಾನು ಸಹಿ ಹಾಕಿದೆ. ಅದಕ್ಕೆ ಮುಂಚೆ ನಿಮ್ಮ ಮುಖವನ್ನೇ ನೋಡಿದವನಲ್ಲ. ಹೆಬ್ಬೆಟ್ಟು ಒತ್ತುವ ಮೊದಲು ನೀವು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಿರಿ.

“ಇದನ್ನ ಒತ್ತಿದ್ರ ಪಿಂಚಣಿ ನಿಲ್ಲಂಗಿಲ್ಲ, ಹೌದಲ್ರಿ ಸಾಹೇಬ್ರ? ಧಣ್ಯಾರು ಹಂಗಂದ್ರು.”

ಆಗ ನನಗೆ ಎಲ್ಲವೂ ಗೊತ್ತಾಯಿತು. ಹಣ ಅವರದು, ಹೆಸರು ಮಾತ್ರ ನಿಮ್ಮದು; ಗದ್ದೆ ಕೊಳ್ಳುತ್ತಿರುವ ಸಂಗತಿಯೇ ನಿಮಗೆ ತಿಳಿದಿರಲಿಲ್ಲ. ಇದನ್ನು ನಿಲ್ಲಿಸಿ ಎಂದು ಎದ್ದು ನಿಲ್ಲಬಹುದಿತ್ತು. ನಿಮ್ಮ ಕೈ ಹಿಡಿದು ಆಚೆ ಕರೆದುಕೊಂಡು ಹೋಗಿ — ಇಲ್ಲ, ಅದೇನೂ ಮಾಡಲಿಲ್ಲ. “ಹೂಂ, ಒತ್ತು” ಎಂದೆ. ಅದೂ ಏಕವಚನದಲ್ಲಿ. ಆಮೇಲೆ ವೀರೇಶಪ್ಪನವರು ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸಿದರು. ಹೊಟ್ಟೆ ತುಂಬ ತಿಂದೆ, ಅದೂ ನೆನಪಿದೆ.

ಎಷ್ಟೋ ವರ್ಷದ ಮೇಲೆ, ಈ ಬೇಸಿಗೆಯಲ್ಲಿ, ನೀವು ಬಂಡ್ರಿಯಿಂದ ರೇಣುಕಾಳ ಜೊತೆ ನನ್ನ ಕಚೇರಿಗೆ ಬಂದಿರಿ. ಇಷ್ಟು ಗದ್ದೆ ಇದ್ದವರಿಗೆ ಯಾಕೆ ಎಂದು ಪಿಂಚಣಿ, ಅಕ್ಕಿ ಎರಡನ್ನೂ ನಿಲ್ಲಿಸಿದ್ದರು. ಕೊಳ್ಳಲು ಹಣ ಎಲ್ಲಿಂದ ಬಂತು ಎಂದು ತೆರಿಗೆ ಇಲಾಖೆಯ ನೋಟಿಸು ಬೇರೆ. ವೀರೇಶಪ್ಪನವರು ನಿಮ್ಮನ್ನು ಕೆಲಸ ಬಿಡಿಸಿ, ಗದ್ದೆ ಆಕೆಯದೇ ಎಂದು ಕೈತೊಳೆದುಕೊಂಡಿದ್ದರು. ನೀವು ನನ್ನ ಮುಖವನ್ನೇ ನೋಡುತ್ತ ಅಂದಿರಿ, “ಅವತ್ತು ಹೂಂ ಅಂದವ್ರು ನೀವ ಅಲ್ಲೇನ್ರಿ? ನನಗ ಗದ್ದಿ ಸುದ್ದಿನ ಗೊತ್ತಿದ್ದಿಲ್ಲಂತ ಒಂದ್ ಮಾತು ಹೇಳ್ರಿ.”

ರೇಣುಕಾಳ ಕೈಯಲ್ಲಿದ್ದದ್ದು ನೋಟಿಸು ಮಾತ್ರ. ನನ್ನ ಸಹಿ ಇರುವ ಕ್ರಯಪತ್ರ ನಿಮ್ಮ ಹತ್ತಿರ ಇಲ್ಲ ಎಂಬುದನ್ನು ನಾನು ಮೊದಲು ನೋಡಿಕೊಂಡೆ. ಆಮೇಲೆ ಅಂದೆ, “ನಾನಲ್ಲಮ್ಮ. ನಿಮ್ಮನ್ನ ನಾನು ನೋಡೇ ಇಲ್ಲ.”

“ನಮ್ಮವ್ವ ಮಾರಿ ಮರಿಯಾಕಿ ಅಲ್ರಿ!” ಎಂದು ರೇಣುಕಾ ಜಗಳಕ್ಕೆ ನಿಂತಳು. ನೀವೇ ತಡೆದಿರಿ. “ಬ್ಯಾಡ ಬಿಡವ್ವ, ನನಗ ಕಣ್ಣು ಮಂಜಾಗ್ಯಾವು. ತಪ್ಪು ತಿಳ್ಕಾಬ್ಯಾಡ್ರಿ ಸಾಹೇಬ್ರ” ಎಂದು ಕೈಮುಗಿದು, ಗೋಡೆ ಹಿಡಿದು ಮೆಟ್ಟಿಲಿಳಿದಿರಿ. ಕೈಮುಗಿಯಬೇಕಾದವನು ಕುರ್ಚಿಯಲ್ಲೇ ಕೂತಿದ್ದೆ.

ಯಾಕೆ ಹಾಗೆ ಮಾಡಿದೆ ಎಂದರೆ ಭಯ. ವಕೀಲಿಕೆಯ ಸನ್ನದು ಹೋಗುತ್ತದೆ, ಊರಿನಲ್ಲಿ ಮಾನ ಹೋಗುತ್ತದೆ ಎಂಬ ಭಯ. ನೀವು ಕ್ಷಮಿಸಲೆಂದು ಇದನ್ನು ಹೇಳುತ್ತಿಲ್ಲ, ಇದ್ದದ್ದು ಅದೇ.

ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ, ಇವತ್ತು ತೆರಿಗೆ ಅಧಿಕಾರಿಗಳ ಕೈಗೆ ಕೊಟ್ಟು ಬಂದಿದ್ದೇನೆ. ಪಿಂಚಣಿ ವಾಪಸು ಬರುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಈ ಸಲ ಹೂಂ ಅನ್ನಲಾರೆ. ನಿಮ್ಮನ್ನು ವಿಚಾರಣೆಗೆ ಕರೆದ ದಿನ ನಾನೂ ಬರುತ್ತೇನೆ, ವಕೀಲನಾಗಿ ಅಲ್ಲ, ಸಾಕ್ಷಿಯಾಗಿ. ನೀವು ನನ್ನ ಜೊತೆ ಮಾತಾಡದಿದ್ದರೂ ಸರಿಯೇ.

ಇಷ್ಟನ್ನು ಮಾತ್ರ ರೇಣುಕಾ ನಿಮಗೆ ಗಟ್ಟಿಯಾಗಿ ಓದಿ ಹೇಳಲಿ. ನನ್ನ ಕಚೇರಿಯಲ್ಲಿ ಅವತ್ತು ನಿಮ್ಮ ಕಣ್ಣು ತಪ್ಪಿರಲಿಲ್ಲ, ಹುಲಿಗೆಮ್ಮನವರೇ. ನೀವು ಸರಿಯಾಗಿಯೇ ಗುರುತು ಹಿಡಿದಿದ್ದಿರಿ.